ವೆಕ್ಸಾಸ್ ಅನುಮಾನ ಇದ್ದರೆ, ರಕ್ತ ಕಳಿಸುವ ಮುಂಚೆ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ದಿನಾ ಮೂವತ್ತು ನಲವತ್ತು ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ನನ್ನ ಕೈಮೇಲೆ ಹೋಗುತ್ತವೆ. ಹಾಗಿದ್ದೂ ನಮ್ಮ ದೊಡ್ಡಪ್ಪನ ರಿಪೋರ್ಟಿನಲ್ಲಿ ಮೂರು ವರ್ಷ ಕೂತಿದ್ದ ಒಂದು ಸಂಖ್ಯೆ ನನಗೆ ಕಾಣಲಿಲ್ಲ. ಕಂಡ ಮೇಲೂ ಎರಡು ತಪ್ಪಾಯಿತು. ಒಂದು ದುಡ್ಡಿನದು, ಇನ್ನೊಂದು ಪೂರ್ತಿ ನನ್ನದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವೆಕ್ಸಾಸ್ ಅಂದರೆ ವಯಸ್ಸಾದ ಮೇಲೆ, ಹೆಚ್ಚಾಗಿ ಗಂಡಸರಿಗೆ, ರಕ್ತ ಹುಟ್ಟಿಸುವ ಕಣಗಳ ಒಂದು ಜೀನ್ ಬದಲಾಗಿ ಮೈಯಲ್ಲಿ ಜ್ವರ, ಉರಿಯೂತ ತರುವ ಕಾಯಿಲೆ.

ದೊಡ್ಡಪ್ಪನಿಗೆ ಅರವತ್ತಾರು. ಅಡಿಕೆ ತೋಟ, ಬೀಡಿ ಇಲ್ಲ, ಕುಡಿತ ಇಲ್ಲ. ಒಂದು ಜನವರಿಯಲ್ಲಿ ಜ್ವರ ಬಂತು. ನಮ್ಮ ಕಡೆ ಆ ತಿಂಗಳಲ್ಲಿ ಜ್ವರ ಅಂದರೆ ಎಲ್ಲರ ಬಾಯಲ್ಲೂ ಮಂಗನ ಕಾಯಿಲೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆ, ಭಯ ಇನ್ನೂ ಹೋಗಿಲ್ಲ. ಪರೀಕ್ಷೆ ಆಯಿತು, ಅದಲ್ಲ. ಮಳೆಗಾಲದಲ್ಲಿ ಮತ್ತೆ ಜ್ವರ. ಪ್ಲೇಟ್‌ಲೆಟ್ ಕಡಿಮೆ, ಹಾಗಾಗಿ ಡೆಂಗೀ ಅಂದರು. ಅದೂ ಅಲ್ಲ. ಆಮೇಲೆ ಇಲಿ ಜ್ವರ ಅಂದರು. ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಗೆ ಎರಡೇ ದಿನಕ್ಕೆ ಎದ್ದು ಕೂತರು, ಬಿಟ್ಟ ವಾರಕ್ಕೆ ಮತ್ತೆ ಮಲಗಿದರು.

ಕೊನೆಗೆ ಬಾಯಿಬಿಟ್ಟದ್ದು ಕಿವಿ. ಬಲಗಿವಿ ಕೆಂಪಗೆ ಊದಿತ್ತು. ‘ಎಂತದೋ ಇದು ಮಾರಾಯ, ದಿಂಬಿಗೆ ತಾಗಿಸಕ್ಕಾಗಲ್ಲ’ ಅಂದರು. ಚಗಳಿ ಕಚ್ಚಿರಬೇಕು ಅಂತ ದೊಡ್ಡಮ್ಮ ಅರಿಶಿನ ಹಚ್ಚಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ಮೇಲಿನ ಗಟ್ಟಿ ಭಾಗ ಪೂರ್ತಿ ಕೆಂಪು. ಕೆಳಗೆ ಓಲೆ ಹಾಕುವ ಮೆತ್ತನೆ ಹಾಲೆ ಮಾತ್ರ ಯಾವತ್ತಿನ ಬಣ್ಣದಲ್ಲೇ ಇದೆ, ಗೆರೆ ಎಳೆದ ಹಾಗೆ. ಹಾಲೆಯಲ್ಲಿ ಮೃದುಮೂಳೆ ಇರುವುದಿಲ್ಲ. ಮೃದುಮೂಳೆಗೇ ಉರಿಯೂತ ಬಂದರೆ ಹಾಲೆ ಬಚಾವಾಗುತ್ತದೆ. ಹುಳ ಕಚ್ಚಿದರೆ, ಕೀವು ತುಂಬಿದರೆ ಅದಕ್ಕೆ ಈ ಗೆರೆ ಗೊತ್ತಿರುವುದಿಲ್ಲ, ಅಲ್ವಾ? ಇಂಥದ್ದು ಕಂಡ ದಿನವೇ ಬಿಸಿಲಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ. ಎರಡೂ ಕಿವಿ, ಮೂಗು, ಮೈಮೇಲೆ ಗಂಟು ಅಥವಾ ಕೆಂಪು ಮಚ್ಚೆ ಇದ್ದರೆ ಅದೂ ಬರಲಿ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಅದು ಇಳಿದುಹೋಗಿರುತ್ತದೆ.

ಈಗ ಮುಖ್ಯ ಕೆಲಸ. ಹಳೇ ಸಿಬಿಸಿ ರಿಪೋರ್ಟು ಎಲ್ಲ ಒಟ್ಟು ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿ, ಪಂಚಾಂಗದ ಹಿಂದೆ, ಬೀರುವಿನ ಸೀರೆಯ ಕೆಳಗೆ, ಎಲ್ಲಿದ್ದರೂ ಹುಡುಕಿ. ನಾನು ಅಡಿಕೆ ಮಂಡಿ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಐದು ಕಾಲಂ ಎಳೆದೆ: ತಾರೀಕು, ಹಿಮೋಗ್ಲೋಬಿನ್, ಎಂಸಿವಿ, ಪ್ಲೇಟ್‌ಲೆಟ್, ಆವಾಗ ನುಂಗುತ್ತಿದ್ದ ಮಾತ್ರೆ. ಎಂಸಿವಿ ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100. ದೊಡ್ಡಪ್ಪನದು 98, 101, 104, 107 ಅಂತ ಏರುತ್ತಾ ಹೋಗಿತ್ತು. ಹಿಮೋಗ್ಲೋಬಿನ್ ಇಳಿಯುತ್ತಾ ಒಂಬತ್ತಕ್ಕೆ ಬಂದಿತ್ತು. ಒಂದೊಂದೇ ರಿಪೋರ್ಟು ನೋಡಿದರೆ ‘ಸ್ವಲ್ಪ ಜಾಸ್ತಿ’ ಅಷ್ಟೇ. ಸಾಲಾಗಿ ಬರೆದಾಗ ಕೈ ತಣ್ಣಗಾಯಿತು.

ಹೆದರುವ ಮುಂಚೆ ನಮ್ಮ ಕಸುಬಿನ ಎರಡು ಗುಟ್ಟು ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಸಂಜೆ ತೆಗೆದ ರಕ್ತ ಮಾರನೇ ದಿನ ಮಧ್ಯಾಹ್ನ ಮೆಷಿನ್ನಿಗೆ ಹೋದರೆ, ಟ್ಯೂಬಿನಲ್ಲೇ ಕಣಗಳು ಊದಿ ಎಂಸಿವಿ ಸುಳ್ಳೇ ಜಾಸ್ತಿ ಬರುತ್ತದೆ. ಹಾಗೇ ಕೆಲವರ ಪ್ಲೇಟ್‌ಲೆಟ್‌ಗಳು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಗುಂಪುಕಟ್ಟುತ್ತವೆ, ಮೆಷಿನ್ನು ಕಡಿಮೆ ಎಣಿಸುತ್ತದೆ. ಆದ್ದರಿಂದ ರಕ್ತ ತೆಗೆದ ಕೆಲವೇ ಗಂಟೆಯೊಳಗೆ ಒಂದು ಸಿಬಿಸಿ ಮಾಡಿಸಿ, ಜೊತೆಗೆ ಸ್ಮಿಯರ್, ಅಂದರೆ ಗಾಜಿನ ಮೇಲೆ ಹರಡಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ, ನೋಡಿ ಅಂತ ಕೇಳಿ. ಬಿ12, ಫೋಲೇಟ್, ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿ. ಕುಡಿತ ಇದ್ದರೆ ಮುಚ್ಚಿಡಬೇಡಿ. ಮೆಥೋಟ್ರೆಕ್ಸೇಟ್, ಅಜಾಥಯೋಪ್ರಿನ್ ತರಹದ ಮಾತ್ರೆಯೂ ಕಣದ ಗಾತ್ರ ಹೆಚ್ಚಿಸುತ್ತದೆ. ನೂರು ದಾಟಿದ ಎಂಸಿವಿಗೆ ಇವೇ ಹೆಚ್ಚಾಗಿ ಕಾರಣ. ವೆಕ್ಸಾಸ್ ಅಲ್ಲ.

ಹಾಗಾದರೆ ವೆಕ್ಸಾಸ್ ಅಂತ ಯಾವಾಗ ಯೋಚಿಸಬೇಕು? 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ ಈ ಕಾಯಿಲೆಯನ್ನು ಮೊದಲ ಸಲ ವಿವರಿಸಿತು. ಅವರು ಲಕ್ಷಣದಿಂದ ಶುರು ಮಾಡಲಿಲ್ಲ. ಕಾರಣ ತಿಳಿಯದ ಜ್ವರ, ಉರಿಯೂತ ಅಥವಾ ಹೆಸರು ಸಿಗದ ಬೇರೆ ಕಾಯಿಲೆ ಇದ್ದ 2560 ಜನರ ಜೀನ್ ಮಾಹಿತಿಯನ್ನು ಮೊದಲು ಜಾಲಾಡಿದರು. ಯುಬಿಎ1 ಅನ್ನುವ ಜೀನ್ ಸಿಕ್ಕಿತು. ಆ ವರದಿಯಲ್ಲಿದ್ದವರು 25 ಜನ, ಎಲ್ಲರೂ ವಯಸ್ಸಾದ ಮೇಲೆ ಕಾಯಿಲೆ ಬಿದ್ದ ಗಂಡಸರು. ಜ್ವರ, ರಕ್ತಹೀನತೆ, ಕಿವಿ ಮೂಗಿನ ಉರಿಯೂತ, ಚರ್ಮದ ಗಂಟು, ಶ್ವಾಸಕೋಶದ ತೊಂದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಒಬ್ಬೊಬ್ಬರಿಗೆ ಒಂದೊಂದು ಥರ, ಅದಕ್ಕೇ ಒಂದೊಂದು ಡಾಕ್ಟರ ಹತ್ತಿರ ಒಂದೊಂದು ಹೆಸರು.

ಮರು ವರ್ಷ, 2021ರಲ್ಲಿ, ಒಂದು ಸುಲಭ ಲೆಕ್ಕ ಬಂತು. ಮೃದುಮೂಳೆಯ ಉರಿಯೂತ ಪದೇಪದೇ ಬರುವ ರೋಗಿಗಳಲ್ಲಿ ಯಾರಿಗೆ ವೆಕ್ಸಾಸ್ ಇರಬಹುದು ಅಂತ ಊಹಿಸಲು ಮೂರೇ ವಿಷಯ: ಗಂಡಸು, ಎಂಸಿವಿ 100ಕ್ಕಿಂತ ಜಾಸ್ತಿ, ಪ್ಲೇಟ್‌ಲೆಟ್ ಎರಡು ಲಕ್ಷಕ್ಕಿಂತ ಕಡಿಮೆ. ಆ ಅಧ್ಯಯನದಲ್ಲಿ ಈ ಲೆಕ್ಕ ವೆಕ್ಸಾಸ್ ಇದ್ದವರನ್ನು ಒಬ್ಬರನ್ನೂ ಬಿಡಲಿಲ್ಲ, ಇಲ್ಲದವರಲ್ಲಿ ಶೇ 96 ಜನರನ್ನು ಸರಿಯಾಗಿ ಬೇರೆ ಮಾಡಿತು. ಆದರೆ ಕಿವಿಯೋ ಮೂಗೋ ಆಗಲೇ ಊದಿದ್ದವರ ಮೇಲೆ ಮಾಡಿದ ಲೆಕ್ಕ ಇದು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇರುವ ಮುದುಕರಿಗೆಲ್ಲ ಇದನ್ನು ಹಚ್ಚಬೇಡಿ. ನಮ್ಮ ಲ್ಯಾಬಿನಲ್ಲಿ ಮಳೆಗಾಲದಲ್ಲಿ ಅಂಥವರು ದಿನಕ್ಕೆ ಹತ್ತು ಜನ ಸಿಗುತ್ತಾರೆ.

ಪುಸ್ತಕ, ಫೋಟೋ ಹಿಡಿದು ಮೊದಲು ಕೀಲು, ಉರಿಯೂತದ ಡಾಕ್ಟರ್, ಅಂದರೆ ರುಮಟಾಲಜಿಸ್ಟ್ ಹತ್ತಿರ ಹೋಗಿ. ರಕ್ತದ ಡಾಕ್ಟರ್, ಅಂದರೆ ಹೆಮಟಾಲಜಿಸ್ಟ್, ಹೇಗೂ ಬೇಕಾಗುತ್ತಾರೆ. ನಾವು ಘಾಟಿ ಇಳಿದು ಹೋದೆವು, ಶಿವಮೊಗ್ಗ ಹತ್ತಿರ ಇರುವವರಿಗೆ ಬೆಂಗಳೂರು ಸುಲಭ ಆಗಬಹುದು. ಡಾಕ್ಟರು ಫೈಲು ಪಕ್ಕಕ್ಕಿಟ್ಟು ಆ ಒಂದು ಪುಟವನ್ನೇ ಎರಡು ನಿಮಿಷ ನೋಡಿದರು. ಮೂಳೆ ಮಜ್ಜೆಯ ಪರೀಕ್ಷೆ ಬರೆದರು. ಮಜ್ಜೆಯ ಎಳೇ ಕಣಗಳೊಳಗೆ ಸಣ್ಣ ಸಣ್ಣ ಗುಳ್ಳೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ದೊಡ್ಡಪ್ಪನಿಗೆ ಇದ್ದವು. ಆದರೆ ಗುಳ್ಳೆಗೆ ತಾಮ್ರದ ಕೊರತೆ, ಕುಡಿತ ಮೊದಲಾದ ಬೇರೆ ಕಾರಣವೂ ಇರುತ್ತದೆ. ಕೊನೆಯ ಮಾತು ಜೀನ್ ಪರೀಕ್ಷೆಯದೇ.

ಇಲ್ಲಿ ಮೊದಲ ತಪ್ಪು. ಡಾಕ್ಟರನ್ನು ನೋಡುವ ಎರಡು ತಿಂಗಳ ಮುಂಚೆಯೇ ಸುಮ್ನೆ ಇರಲಾಗದೆ ನಾನು ಒಂದು ಕಂಪನಿಗೆ ‘ಜ್ವರದ ಜೀನ್ ಪ್ಯಾನೆಲ್’ಗೆ ರಕ್ತ ಕಳಿಸಿದ್ದೆ. ನೆಗೆಟಿವ್ ಬಂತು, ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆಮೇಲೆ ಪಟ್ಟಿ ತೆಗೆಸಿ ನೋಡಿದರೆ ಹುಟ್ಟಿನಿಂದ ಬರುವ ಜ್ವರದ ಜೀನ್‌ಗಳೇ ಎಲ್ಲ, ಯುಬಿಎ1 ಅದರಲ್ಲಿ ಇರಲೇ ಇಲ್ಲ. ಆ ಜೀನನ್ನು ನೋಡದೆಯೇ ನೆಗೆಟಿವ್ ಅಂದಿದ್ದರು. ದುಡ್ಡು ಕಟ್ಟುವ ಮುಂಚೆ ನೇರವಾಗಿ ಕೇಳಿ: ಯುಬಿಎ1 ಇದೆಯಾ? ಅದರ ಮೂರನೇ ಎಕ್ಸಾನ್, ಅಂದರೆ ಪ್ರೋಟೀನಿನ ಸೂಚನೆ ಇರುವ ಮೂರನೇ ತುಂಡನ್ನು, ಅಂಚು ಸೇರಿಸಿ ಓದುತ್ತೀರಾ? ರಕ್ತದಲ್ಲಿ ಆಮೇಲೆ ಹುಟ್ಟಿಕೊಂಡ ಬದಲಾವಣೆಯನ್ನು ಹುಡುಕುತ್ತೀರಾ, ಎಷ್ಟು ಶೇಕಡಾವರೆಗೆ ಹಿಡಿಯುತ್ತೀರಾ? ಜೀನ್ ಓದುವ ಹಳೇ ಸ್ಯಾಂಗರ್ ವಿಧಾನದಲ್ಲಿ ಬದಲಾದ ಪಾಲು ಶೇ 15–20ಕ್ಕಿಂತ ಕಡಿಮೆ ಇದ್ದರೆ ಕಾಣದೇ ಹೋಗಬಹುದು. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ತರಿಸಿಕೊಳ್ಳಿ.

ಮಾದರಿ ರಕ್ತ ಅಥವಾ ಮಜ್ಜೆಯೇ ಆಗಬೇಕು. ಬದಲಾವಣೆ ಇರುವುದು ರಕ್ತ ಹುಟ್ಟಿಸುವ ಕಣಗಳಲ್ಲಿ, ಉಗುರು ಕೂದಲಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಎರಡನೇ ತಪ್ಪು ಇಲ್ಲಿಯದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ರಕ್ತ ಹಾಕಿದೆ, ಅಷ್ಟರಲ್ಲಿ ದೊಡ್ಡಮ್ಮ ಕಾಫಿ ತಂದರು, ಟ್ಯೂಬನ್ನು ಹಾಗೇ ಮೇಜಿನ ಮೇಲಿಟ್ಟೆ. ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕಿತ್ತು. ಹನ್ನೆರಡು ವರ್ಷದ ಸರ್ವಿಸ್ ನನ್ನದು! ರಕ್ತ ಹೆಪ್ಪುಗಟ್ಟಿತು, ಮಾದರಿ ವಾಪಸ್. ಇನ್ನೊಂದು ಸಲ ಚುಚ್ಚುವಾಗ ದೊಡ್ಡಪ್ಪ ಏನೂ ಅನ್ನಲಿಲ್ಲ, ಕಾಫಿ ಲೋಟವನ್ನು ಮಾತ್ರ ದೂರ ಸರಿಸಿದರು. ಪಾರ್ಸೆಲ್ ಶನಿವಾರ ಕಳಿಸಬೇಡಿ, ಭಾನುವಾರ ಗೋಡೌನಿನಲ್ಲಿ ಕೂರುತ್ತದೆ. ಎಷ್ಟು ತಂಪಿನಲ್ಲಿಡಬೇಕು ಅಂತ ಅವರದೇ ಸೂಚನೆ ಇರುತ್ತದೆ, ಅದನ್ನು ಮೀರಬೇಡಿ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು 41 ಅನ್ನುವ ಸಂಖ್ಯೆ. ಯುಬಿಎ1 ಪ್ರೋಟೀನಿನ 41ನೇ ಜಾಗದಲ್ಲಿ ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲ ಇರಬೇಕು. ಅದರ ಬದಲು ಥ್ರಿಯೋನಿನ್, ವ್ಯಾಲೀನ್ ಅಥವಾ ಲ್ಯೂಸೀನ್ ಬಂದಿದ್ದರೆ ಅದು ವೆಕ್ಸಾಸ್‌ನ ಗೊತ್ತಿರುವ ಗುರುತು. ಬೇರೆ ಜಾಗದ ಬದಲಾವಣೆಯೂ ಕೆಲವರಲ್ಲಿ ಇದೆ. ಯಾವುದು ಬಂದಿದೆ ಅನ್ನುವುದಕ್ಕೂ ಬೆಲೆ ಇದೆ: ವ್ಯಾಲೀನ್ ಇದ್ದವರಲ್ಲಿ ಕಾಯಿಲೆ ಹೆಚ್ಚು ಕಠಿಣ ಅಂತ ಕಂಡುಬಂದಿದೆ. ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಅಂತ ಬರೆದಿದ್ದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅದನ್ನು ಗೂಗಲ್ ಮಾಡುತ್ತಾ ರಾತ್ರಿ ಕಳೆಯಬೇಡಿ, ಡಾಕ್ಟರ ಮುಂದಿಡಿ. ದೊಡ್ಡಪ್ಪನದು ಥ್ರಿಯೋನಿನ್.

ಸುದ್ದಿ ಊರಿಗೆ ಗೊತ್ತಾದ ವಾರದಲ್ಲೇ ‘ಜೀನ್ ಕಾಯಿಲೆ ಅಂತಲ್ಲ, ಮಗಳ ಮದುವೆ ಕಥೆ ಎಂತ?’ ಅಂತ ಒಬ್ಬರು ಕೇಳಿದರು. ಇದನ್ನು ನಾನು ಎಲ್ಲರಿಗೂ ಅಡಿಕೆ ಮರದ ಲೆಕ್ಕದಲ್ಲೇ ಹೇಳುತ್ತೇನೆ. ಬೀಜದಡಿಕೆಯಲ್ಲಿ ಬಂದ ದೋಷ ಅಲ್ಲ ಇದು. ಮರ ಎತ್ತರಕ್ಕೆ ಬೆಳೆದ ಮೇಲೆ ಆದದ್ದು. ವಯಸ್ಸಾದ ಮೇಲೆ ಮಜ್ಜೆಯ ಒಂದು ಕಣದಲ್ಲಿ ಬದಲಾವಣೆ ಆಗಿ, ಅದರ ಸಂತಾನ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮಕ್ಕಳಿಗೆ ಹೋಗುವುದಿಲ್ಲ, ಅವರಿಗೆ ಪರೀಕ್ಷೆಯೂ ಬೇಡ. ಗಂಡಸರಿಗೇ ಯಾಕೆ ಜಾಸ್ತಿ ಅಂದರೆ, ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಸರಿಗೆ ಅದು ಒಂದೇ, ಹೆಂಗಸರಿಗೆ ಸಾಮಾನ್ಯವಾಗಿ ಎರಡು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ.

ಔಷಧಿ ವಿಷಯ ನನ್ನದಲ್ಲ, ಜಾಸ್ತಿ ಹೇಳುವುದಿಲ್ಲ. ಸ್ಟೀರಾಯ್ಡ್ ಜೊತೆಗೆ ರುಕ್ಸೋಲಿಟಿನಿಬ್, ಅಜಾಸೈಟಿಡಿನ್, ಟೋಸಿಲಿಜುಮಾಬ್, ಆಯ್ದ ಕೆಲವರಿಗೆ ಮಜ್ಜೆ ಕಸಿ, ಹೀಗೆ ದಾರಿಗಳಿವೆ. ಆದರೆ ಮನೆಯಲ್ಲಿ ಎರಡು ವಿಷಯ ಗಟ್ಟಿ ನೆನಪಿಡಿ. ಸ್ಟೀರಾಯ್ಡನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಒಂದೇ ಕಾಲು ಊದಿ ನೋವು ಬಂದರೆ, ಏಕಾಏಕಿ ಉಸಿರು ಕಟ್ಟಿದರೆ, ತೋಟದ ಕೆಲಸದ ಸುಸ್ತು ಅನ್ನದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಹೆಪ್ಪು ಕಟ್ಟಿರಬಹುದು.

ಸಿಬಿಸಿ ಮುಂದುವರಿಯುತ್ತಲೇ ಇರಬೇಕಾಗುತ್ತದೆ. ಆದಷ್ಟು ಒಂದೇ ಲ್ಯಾಬ್, ಬೆಳಗಿನ ಹೊತ್ತು. ದೊಡ್ಡಪ್ಪ ಈಗ ಕಾಲಂ ತಾವೇ ತುಂಬುತ್ತಾರೆ. ನಾನು ಪ್ರಿಂಟ್ ತೆಗೆಯುವ ಮುಂಚೆಯೇ ಕಿಟಕಿಯಿಂದ ಬಗ್ಗಿ, ಮಂಡಿಯಲ್ಲಿ ರಾಶಿ ರೇಟು ಕೇಳುವ ಧಾಟಿಯಲ್ಲಿ ಕೇಳುತ್ತಾರೆ: ‘ಎಂಸಿವಿ ಎಷ್ಟಕ್ಕೆ ನಿಂತಿದ್ಯೋ ಇವತ್ತು?’