ಹಳೇ ಶಾಲೆಯ ಸಿಮೆಂಟ್ ಶೀಟು ಇಳಿಸುವುದು ಹೇಗೆ? ಶ್ರಮದಾನಕ್ಕೆ ಮೊದಲು ಇದನ್ನು ಓದಿ

ಪಾಳು ಬಿದ್ದ ಹಳೇ ಶಾಲೆಯನ್ನು ಗ್ರಂಥಾಲಯ ಮಾಡೋಣ, ಮುಚ್ಚಿದ ಅಕ್ಕಿ ಗಿರಣಿಯನ್ನು ರಂಗಮಂದಿರ ಮಾಡೋಣ ಅಂತ ಊರಿನವರು ಹೊರಟರೆ ಮೊದಲು ನಡೆಯುವುದು ಭಾನುವಾರದ ಶ್ರಮದಾನ. ನಾಲ್ಕು ಹುಡುಗರು ಮೇಲೆ ಹತ್ತಿ ಸಿಮೆಂಟ್ ಶೀಟುಗಳನ್ನು ಕೆಳಗೆ ಎಸೆಯುತ್ತಾರೆ, ಹೈಸ್ಕೂಲ್ ಮಕ್ಕಳು ಚೂರು ಆರಿಸಿ ಬಾಣಲಿಗೆ ತುಂಬುತ್ತಾರೆ, ಸಂಜೆ ಹೊತ್ತಿಗೆ ಎಲ್ಲರ ತಲೆ ಮೇಲೂ ಬಿಳಿ ಪುಡಿ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಆ ಪುಡಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ.

ಬಿಸಿಲು ಬಿದ್ದಾಗ ಮುರಿದ ಶೀಟಿನ ಅಂಚನ್ನು ಮುಟ್ಟದೆ ದೂರದಿಂದಲೇ ನೋಡಿ. ಬಿಳಿ ಕೂದಲಿನಂಥ ಎಳೆಗಳು ಚಾಚಿಕೊಂಡಿರುತ್ತವೆ. ಕಣ್ಣಿಗೆ ಕಾಣುವ ಎಳೆ ಹೀಗೆ, ಕಾಣದಷ್ಟು ಸಣ್ಣವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತವೆ. ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾದಂಥ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಕಾಯಿಲೆ ಕಾಣಿಸಿಕೊಳ್ಳುವುದು 20, 30, ಕೆಲವೊಮ್ಮೆ 40 ವರ್ಷ ಕಳೆದ ಮೇಲೆ. "ಅಪಾಯ ಇದ್ದಿದ್ರೆ ಅಂಗಡೀಲಿ ಮಾರ್ತಿದ್ರಾ?" ಅಂತ ಕೇಳುವವರು ಪ್ರತಿ ಊರಲ್ಲೂ ಇದ್ದಾರೆ. ಮಾರ್ತಾರೆ. ಹೊರದೇಶದಿಂದ ಕಲ್ನಾರು ತರಿಸಿ ಶೀಟು ಮಾಡುವುದು ನಮ್ಮಲ್ಲಿ ಇನ್ನೂ ಕಾನೂನುಬದ್ಧ, ಯುರೋಪ್ ಒಕ್ಕೂಟ 2005ರಲ್ಲೇ ನಿಲ್ಲಿಸಿದ್ದರೂ.

ಒಂದು ವಿಷಯ ತಲೆಯಲ್ಲಿರಲಿ. ಶೀಟು ಸುಮ್ನೆ ಮೇಲೆ ಮಲಗಿದ್ದರೆ ಸಿಮೆಂಟು ಆ ಎಳೆಗಳನ್ನು ಹಿಡಿದಿಟ್ಟಿರುತ್ತದೆ. ಒಡೆದಾಗ, ಕೊಯ್ದಾಗ, ತಿಕ್ಕಿದಾಗ ಬಿಡುತ್ತದೆ. ಗಟ್ಟಿಯಾಗಿದ್ದು ಸೋರದಿದ್ದರೆ ಅದನ್ನು ಅಲ್ಲೇ ಬಿಡುವುದೂ ಒಂದು ದಾರಿಯೇ.

ಹೆಜ್ಜೆ 1: ಎಲ್ಲೆಲ್ಲಿದೆ ನೋಡಿ

ಚಾವಣಿ, ಮುಚ್ಚಿಗೆಯ ಬೋರ್ಡು, ಮಳೆನೀರಿನ ಪೈಪು, ಹಳೇ ನೀರಿನ ತೊಟ್ಟಿ, ಕೋಣೆ ಭಾಗ ಮಾಡಿದ ಪಾರ್ಟಿಷನ್. ಎಳೆ ಕಂಡರೂ ಅದು ಕಲ್ನಾರೇ ಅಂತ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ, ಲ್ಯಾಬಿನವರೇ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಬೇಕು. ಅಷ್ಟು ಖರ್ಚು ಬೇಡವಾದರೆ ಹಳೇ ಶೀಟೆಲ್ಲ ಕಲ್ನಾರೇ ಅಂತ ಇಟ್ಟುಕೊಳ್ಳಿ.

ಗಿರಣಿಯಾದರೆ ಬಾಯ್ಲರ್, ಉಗಿ ಪೈಪುಗಳ ಮೇಲೆ ಸುತ್ತಿದ ಬಿಳಿ ಹೊದಿಕೆ ನೋಡಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು ಅದು (ಒತ್ತಿ ನೋಡಬೇಡಿ ಮತ್ತೆ). ಕಂಡರೆ ಬಾಗಿಲು ಹಾಕಿ ಹೊರಗೆ ಬನ್ನಿ. ಅದನ್ನು ತೆಗೆಯಲು ಕೋಣೆಯನ್ನು ಪೂರ್ತಿ ಸೀಲ್ ಮಾಡಿ, ಒಳಗಿನ ಗಾಳಿಯನ್ನು ಫಿಲ್ಟರ್ ಮೂಲಕ ಹೊರಗೆಳೆಯುವ ಯಂತ್ರ ಬೇಕು, ಕಲಿತವರು ಬೇಕು. ಈ ಲೇಖನ ಅದಕ್ಕಲ್ಲ.

ಹೆಜ್ಜೆ 2: ಎಲ್ಲಿಗೆ ಹಾಕುತ್ತೀರಿ?

ಇದನ್ನು ಕೊನೆಗೆ ಯೋಚಿಸುವವರೇ ಜಾಸ್ತಿ. ಆಮೇಲೆ ಚೂರೆಲ್ಲ ರಸ್ತೆ ಗುಂಡಿಗೆ, ಅಂಗಳ ಎತ್ತರಿಸಲು, ಯಾರದೋ ಕೋಳಿ ಗೂಡಿಗೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರು ಇದೆ, ಅದನ್ನು ಪಂಚಾಯ್ತಿ ಕಸದ ಗಾಡಿಗೆ ಕೊಡುವಂತಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ದಾಬಸ್‌ಪೇಟೆಯಂಥ ಅಧಿಕೃತ ವಿಲೇವಾರಿ ಘಟಕಕ್ಕೆ ಸಾಗಿಸುವ ವ್ಯವಸ್ಥೆ ಮೊದಲೇ ಆಗಲಿ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು.

ಹೆಜ್ಜೆ 3: ಜನ, ಬಟ್ಟೆ, ಮಾಸ್ಕು

ಮಕ್ಕಳು ಬೇಡವೇ ಬೇಡ. ಶ್ರಮದಾನವನ್ನು ಸುಣ್ಣ ಬಳಿಯಲು ಉಳಿಸಿಕೊಳ್ಳಿ. ಚಾವಣಿ ಕೆಲಸ ಗೊತ್ತಿರುವ ನಾಲ್ಕೈದು ಜನ ಸಾಕು. ಮೂಗಿಗೆ ಟವೆಲ್ ಕಟ್ಟಿದರೆ ಏನೂ ತಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಉಳಿದ ಎನ್95 ಇದೆಯಲ್ಲ ಅನ್ನಬೇಡಿ, ಈ ಕೆಲಸಕ್ಕೆ ಅದು ಸಾಲದು. ಸಣ್ಣ ಧೂಳನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುವ ಪಿ100 ಫಿಲ್ಟರ್ ಹಾಕಿದ ರಬ್ಬರ್ ಮಾಸ್ಕೇ ಬೇಕು, ಗಡ್ಡ ಬಿಟ್ಟವರು ಬೋಳಿಸಿಕೊಂಡು ಬರಲಿ, ಇಲ್ಲದಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ತಲೆವರೆಗೂ ಮುಚ್ಚುವ ಬಿಸಾಡುವ ಸೂಟು ಹಾಕಿ, ಕೆಲಸ ಮುಗಿದ ಮೇಲೆ ಅದನ್ನು ಅಲ್ಲೇ ಒದ್ದೆ ಮಾಡಿ ಬಿಚ್ಚಿ ಕಟ್ಟಿಡಿ, ಮಾಸ್ಕ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಕಲ್ನಾರು ಕಾರ್ಖಾನೆಯ ಕೆಲಸಗಾರರ ಬಟ್ಟೆ ಒಗೆದ ಮನೆಯವರಿಗೂ ಕಾಯಿಲೆ ಬಂದ ಉದಾಹರಣೆಗಳಿವೆ.

ಹೆಜ್ಜೆ 4: ಇಳಿಸುವುದು

ಕೆಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಆಷಾಢದ ಗಾಳಿಯಲ್ಲಿ ಈ ಕೆಲಸ ಬೇಡ. ಗಾಳಿಯಿಲ್ಲದ ದಿನ ಬೆಳಿಗ್ಗೆ ಬೇಗ ಶುರು ಮಾಡಿ. ಕಿಟಕಿ ಬಾಗಿಲಿಗೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ, ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಿ.

ಶೀಟಿನ ಮೇಲೆ ಯಾರೂ ಕಾಲಿಡಬಾರದು. ಕಲ್ನಾರು ಕೊಲ್ಲಲು 30 ವರ್ಷ ತೆಗೆದುಕೊಂಡರೆ ಹಳೇ ಶೀಟು ಕುಸಿದು ಬಿದ್ದವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಕಟ್ಟಡದ ಒಳಗಿನಿಂದ ಸಾರವೆ ಕಟ್ಟಿ, ಅಡ್ಡ ಹಲಗೆ ಹಾಕಿ, ಅದರ ಮೇಲೆ ನಿಂತೇ ಕೆಲಸ ಮಾಡಬೇಕು.

ಈಗ ನೀರು. ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪು ಸಾಕು. ಆದರೆ ಬಳಸಿದ ಮೇಲೆ ಅದನ್ನು ತೋಟಕ್ಕೆ ವಾಪಸು ಒಯ್ಯಬೇಡಿ. ಬರೀ ನೀರು ಶೀಟಿನ ಮೇಲೆ ಜಾರಿ ಹೋಗುತ್ತದೆ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿದರೆ ಒಳಕ್ಕೆ ಹೀರುತ್ತದೆ. ಮಂಜಿನ ಹಾಗೆ ಸಣ್ಣಗೆ ಹೊಡೆಯಿರಿ, ಮೇಲೂ ಕೆಳಗೂ, ಬೋಲ್ಟಿನ ಸುತ್ತ ಜಾಸ್ತಿ. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ. ಕಾರು ತೊಳೆಯುವ ಪ್ರೆಶರ್ ಗನ್ ಮಾತ್ರ ಹತ್ತಿರ ತರಬೇಡಿ. ಮಲೆನಾಡಿನಲ್ಲಿ ಪಾಚಿ ತೆಗೆಯಲು ಅದನ್ನೇ ಹಿಡಿಯುತ್ತಾರೆ, ಪಾಚಿಯ ಜೊತೆ ಶೀಟಿನ ಮೇಲ್ಪದರವೂ ಕಿತ್ತು ಅಕ್ಕಪಕ್ಕದ ಗೋಡೆಗೆಲ್ಲ ಎರಚುತ್ತದೆ. ಶೀಟಿಗೆ ತಂಪು ಪೇಂಟ್ ಹೊಡೆಯುವವರು ಮೊದಲು ವೈರ್ ಬ್ರಷ್ ಹಾಕಿ ತಿಕ್ಕುತ್ತಾರಲ್ಲ, ಅದೂ ಇದೇ ಜಾತಿಯ ತಪ್ಪು.

ಶೀಟನ್ನು ಕಬ್ಬಿಣಕ್ಕೆ ಹಿಡಿದಿರುವುದು ಜೆ ಆಕಾರದ ಕೊಕ್ಕೆ ಬೋಲ್ಟು. ನಟ್ಟು ತುಕ್ಕು ಹಿಡಿದು ಕಲ್ಲಾಗಿರುತ್ತದೆ, ಸ್ಪ್ಯಾನರಿಗೆ ಬಗ್ಗುವುದಿಲ್ಲ, ಆಗ ವೆಲ್ಡಿಂಗ್‌ನವನು ಗ್ರೈಂಡರ್ ತೆಗೆಯುತ್ತಾನೆ. ಅವನ ಕೈ ಹಿಡಿಯಿರಿ. ಆ ಚಕ್ರ ಶೀಟಿಗೆ ಒಂದು ಸಲ ತಾಗಿದರೆ ಅಷ್ಟು ಹೊತ್ತು ನೀರು ಹೊಡೆದಿದ್ದೆಲ್ಲ ವ್ಯರ್ಥ. ಉದ್ದ ಹಿಡಿಯ ಬೋಲ್ಟ್ ಕಟರ್ ತಂದು ಕಬ್ಬಿಣವನ್ನು ಮಾತ್ರ ಕತ್ತರಿಸಿ. ಹೊಸದಾಗಿ ಕೊಂಡರೂ ಪರವಾಗಿಲ್ಲ.

ನೆತ್ತಿಯ ಮುಚ್ಚಳದಿಂದ ಶುರು ಮಾಡಿ, ಹೊದಿಸಿದ ಕ್ರಮಕ್ಕೆ ತಿರುಗಾ. ಒಂದರ ಮೇಲೊಂದು ಕೂತ ಜಾಗದಲ್ಲಿ ಹಾರೆ ಹಾಕಿ ಎಬ್ಬಬೇಡಿ, ಎತ್ತಿ ಜಾರಿಸಿ. 10 ಅಡಿಯ ಶೀಟು 40 ಕಿಲೋ ದಾಟುತ್ತದೆ, ಇಬ್ಬರು ಕೊಡಲಿ, ಇಬ್ಬರು ತೆಗೆದುಕೊಳ್ಳಲಿ. ಎಸೆಯುವಂತಿಲ್ಲ, ಎಳೆಯುವಂತಿಲ್ಲ. ಒಡೆದರೆ ಗಾಬರಿ ಬೇಡ, ತಕ್ಷಣ ಒದ್ದೆ ಮಾಡಿ ಚೂರನ್ನು ಚೀಲಕ್ಕೆ ಹಾಕಿ.

ಹೆಜ್ಜೆ 5: ಕಟ್ಟುವುದು

ಪಾಲಿಹೌಸಿಗೆ ಹಾಕುವ 200 ಮೈಕ್ರಾನ್ ಹಾಳೆ, ಎರಡು ಪದರ, ಅಗಲದ ಟೇಪು, ಮೇಲೆ "ಕಲ್ನಾರು, ಒಡೆಯಬೇಡಿ" ಅಂತ ದೊಡ್ಡದಾಗಿ ಬರೆದದ್ದು.

ಹೆಜ್ಜೆ 6: ಗುಡಿಸದೆ ಸ್ವಚ್ಛ ಮಾಡುವುದು

ಪೊರಕೆ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ತೊಲೆ, ಗೋಡೆಯ ಅಂಚು, ನೆಲ ಒರೆಸಿ, ಆ ಬಟ್ಟೆಯನ್ನು ಹಿಂಡದೆ, ಮತ್ತೆ ಬಳಸದೆ ಚೀಲಕ್ಕೆ ಹಾಕಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಸಣ್ಣ ಎಳೆಯನ್ನು ಹಿಂದಿನಿಂದ ಹೊರಗೆ ಊದುತ್ತದೆ. ಡಬ್ಬಿಯ ಮೇಲೆ "ಹೆಪಾ ಟೈಪ್" ಅಂತ ಬರೆದ ಅಗ್ಗದ ಮಾಲು ಬರುತ್ತದೆ (ಹೆಪಾ ಅಂದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್), ಆ "ಟೈಪ್" ಅನ್ನುವುದನ್ನು ನಂಬಬೇಡಿ, ಇಂಥ ಅಪಾಯದ ಧೂಳಿಗೆಂದೇ ಮಾಡಿದ ಎಚ್ ಕ್ಲಾಸ್ ವ್ಯಾಕ್ಯೂಮ್ ಯಂತ್ರ ಬಾಡಿಗೆಗೆ ತನ್ನಿ. ಸೂರಿನ ನೀರು ಬೀಳುವ ಸಾಲಿನ ಮಣ್ಣನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಸವೆದ ಎಳೆ ಅಲ್ಲೇ ಇರುತ್ತದೆ. ಒದ್ದೆ ಮಾಡಿ ಮೇಲಿನ ಪದರ ಕೆರೆದು ಅದನ್ನೂ ಕಟ್ಟಿ.

ಹೆಜ್ಜೆ 7: ಗಾಳಿ ಪರೀಕ್ಷೆ, ಹೊಸ ಚಾವಣಿ

ಜನ ಒಳಗೆ ಬರುವ ಮುಂಚೆ ಮಾನ್ಯತೆ ಪಡೆದ ಲ್ಯಾಬಿನಿಂದ ಗಾಳಿ ಪರೀಕ್ಷೆ ಮಾಡಿಸಿ. ಬ್ರಿಟನ್ನಿನ ಅಳತೆ ಒಂದು ಮಿಲಿಲೀಟರ್ ಗಾಳಿಗೆ 0.01 ಎಳೆಗಿಂತ ಕಡಿಮೆ, ನೀವೂ ಅದನ್ನೇ ಕೇಳಿ.

ಹೊಸ ಚಾವಣಿಗೆ ನನ್ನ ಓಟು ಮಂಗಳೂರು ಹಂಚಿಗೆ. ಹಳೇ ಶಾಲೆಗಳಲ್ಲಿ ಎಷ್ಟೋ ಕಡೆ ಮೊದಲು ಇದ್ದದ್ದೂ ಅದೇ, ರಿಪೇರಿ ತಾಪತ್ರಯ ಅಂತ ಶೀಟು ಹಾಕಿದ್ದು. ಆದರೆ ಹಂಚಿನ ಭಾರ ಶೀಟಿಗಿಂತ ಎಷ್ಟೋ ಜಾಸ್ತಿ. ರೀಪುಗಳೂ ಒತ್ತೊತ್ತಾಗಿ ಬೇಕು, ಶೀಟಿಗೆ ಹಾಕಿದ ದೂರದೂರದ ಕಬ್ಬಿಣ ಆಗುವುದಿಲ್ಲ. ಗೋಡೆ, ತೊಲೆ ತಾಳುತ್ತದಾ ಅಂತ ಎಂಜಿನಿಯರ್ ನೋಡಿ ಹೇಳಿದ ಮೇಲೆ ಹಂಚಿಗೆ ಅಡ್ವಾನ್ಸ್ ಕೊಡಿ.