ಫ್ಲಶ್ ಕೈಕೊಟ್ಟಾಗ ಎರಡು ಬಕೆಟ್
ಪ್ರವಾಹವೋ ಭೂಕಂಪವೋ ಆಗಿ ಒಳಚರಂಡಿ ಪೈಪು ಒಡೆದಿದ್ದರೆ, ಟ್ಯಾಂಕಿನಲ್ಲಿ ನೀರಿದೆ ಅಂತ ಫ್ಲಶ್ ಮಾಡಬೇಡಿ. ಮೇಲಿನ ಮನೆಯವರು ಬಿಟ್ಟಿದ್ದು ಕೆಳಗಿನ ಮನೆಯ ಬಚ್ಚಲಲ್ಲಿ ಉಕ್ಕೀತು.

ಮುಚ್ಚಳ ಇರುವ ಎರಡು ಬಕೆಟ್ ಸಾಕು: ಒಂದು ಮೂತ್ರಕ್ಕೆ, ಇನ್ನೊಂದು ಮಲಕ್ಕೆ. ಎರಡೂ ಬೆರೆತಾಗಲೇ ಗಬ್ಬುನಾತ ಹೆಚ್ಚು. ಅದೂ ಅಲ್ಲದೆ ದೊಡ್ಡವರೊಬ್ಬರ ಮೂತ್ರವೇ ದಿನಕ್ಕೆ 1ರಿಂದ 2 ಲೀಟರ್, ಬಕೆಟ್ ಬೇಗ ತುಂಬುವುದು ಅದರಿಂದಲೇ. ಮಲದ ಬಕೆಟ್‌ಗೆ ದಪ್ಪ ಪ್ಲಾಸ್ಟಿಕ್ ಚೀಲ ಒಂದರೊಳಗೊಂದು ಎರಡು ಹಾಕಿ, ತಳಕ್ಕೆ ಒಂದೆರಡು ಹಿಡಿ ಮರದ ಹೊಟ್ಟು ಉದುರಿಸಿ. ಪ್ರತಿ ಸಲ ಹೋದ ಮೇಲೂ ಏನೂ ಕಾಣದಷ್ಟು ಮುಚ್ಚಬೇಕು. ಹೊಟ್ಟು ಇಲ್ಲವೇ? ಆರಿದ ಬೂದಿ, ಒಣ ಮಣ್ಣು, ಪೇಪರ್ ಚೂರು ಯಾವುದಾದರೂ ಆದೀತು, ಒದ್ದೆ ಇರಬಾರದು ಅಷ್ಟೇ. ಚೀಲ ಅರ್ಧ ತುಂಬಿದಾಗಲೇ ಗಂಟು ಹಾಕಿ. ಪೂರ್ತಿ ತುಂಬಿಸಿದರೆ ಎತ್ತುವಾಗ ಹರಿದು ಫಜೀತಿ! ಕಟ್ಟಿದ್ದನ್ನು ಬೇರೆ ಕಸಕ್ಕೆ ಬೆರೆಸದೆ, ನೊಣ ಹೋಗದ ಡಬ್ಬಿಯಲ್ಲಿಡಿ.

ನಾತ ತಡೆಯಲು ಮೂತ್ರಕ್ಕೆ ಬ್ಲೀಚ್ ಮಾತ್ರ ಸುರಿಯಬೇಡಿ, ಕಣ್ಣು, ಎದೆ ಉರಿಸುವ ವಿಷಗಾಳಿ ಏಳುತ್ತದೆ.

ನೀರು ಎಷ್ಟೇ ಕಡಿಮೆ ಇರಲಿ, ಸೋಪು ಮತ್ತು ಒಂದು ಚೊಂಬು ನೀರು ಬಕೆಟ್ ಪಕ್ಕದಲ್ಲೇ ಇರಬೇಕು.