ಒಪೆರಾ ರೆಕಾರ್ಡಿಂಗ್‌ಗೆ ವಿಕಿಪೀಡಿಯ ಪುಟ ಬೇಕಾ? ಮೊದಲು ಇದನ್ನು ನೋಡಿ

ನಮ್ಮ ಮೈಸೂರಿನ ಸರಸ್ವತಿಪುರಂನ ಸ್ನೇಹಿತರೊಬ್ಬರು ತಮ್ಮ ತಂದೆಯವರ ಹಳೇ ಒಪೆರಾ ಎಲ್‌ಪಿ ತೋರಿಸಿ, ‘ಇದಕ್ಕೊಂದು ಪುಟ ಬರೆಯೋಣ್ವಾ?’ ಎಂದು ಕೇಳಿದರು. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಹೊಗಳಿಕೆ ತುಂಬಿತ್ತು. ಅದನ್ನು ಬರೆಸಿದ್ದು ರೆಕಾರ್ಡ್ ಕಂಪನಿಯೇ ಅಲ್ವಾ, ಹಾಗಾಗಿ ಲೆಕ್ಕಕ್ಕಿಲ್ಲ. ಹಾಡಿದವರು ದೊಡ್ಡವರು ಅನ್ನುವುದೂ ಸಾಲದು. ಅವರಿಗೆ ಅವರದೇ ಪುಟ ಇರುತ್ತದೆ.

ನಾನು ಮುಖ್ಯವಾಗಿ ನೋಡುವುದು ಇಷ್ಟೇ: ಕಂಪನಿಗೆ ಸಂಬಂಧವಿಲ್ಲದ ಎರಡು ಮೂರು ಜನ ಈ ರೆಕಾರ್ಡಿಂಗ್ ಬಗ್ಗೆಯೇ ವಿವರವಾಗಿ ಬರೆದಿದ್ದಾರಾ? ಜಾರ್ಜ್ ಶೋಲ್ಟಿ ವಾದ್ಯಮೇಳ ನಡೆಸಿದ, ವಾಗ್ನರ್‌ನ ನಾಲ್ಕು ಒಪೆರಾಗಳ ಸರಣಿ ‘ರಿಂಗ್’ ತೆಗೆದುಕೊಳ್ಳಿ. ಡೆಕ್ಕಾ ಕಂಪನಿ 1958ರಿಂದ 1965ರವರೆಗೆ ವಿಯೆನ್ನಾದಲ್ಲಿ ಮಾಡಿದ್ದು. ನಾಲ್ಕೂ ಒಪೆರಾಗಳ ಮೊದಲ ಪೂರ್ತಿ ಸ್ಟುಡಿಯೋ ರೆಕಾರ್ಡಿಂಗ್ ಅದು. ಕೆಲಸ ನಡೆಯುತ್ತಿದ್ದಾಗಲೇ ಬಿಬಿಸಿ ಅದನ್ನು ಚಿತ್ರೀಕರಿಸಿ ಸಾಕ್ಷ್ಯಚಿತ್ರ ಮಾಡಿತು. ಅಂಥದ್ದಕ್ಕೆ ಧೈರ್ಯವಾಗಿ ಪುಟ ಶುರು ಮಾಡಿ.

ಏನೂ ಸಿಗದಿದ್ದರೆ ಬೇಜಾರು ಬೇಡ. ಆ ಒಪೆರಾದ ಪುಟದಲ್ಲೇ ಒಂದು ಸಾಲು ಸೇರಿಸಿ: ವರ್ಷ, ಗಾಯಕರು, ವಾದ್ಯಮೇಳ ನಡೆಸಿದವರು, ಲೇಬಲ್. ಸುಮ್ನೆ ಪುಟ ಮಾಡಿ ಆಮೇಲೆ ಅಳಿಸಿಹೋದರೆ ಹೊಸಬರಿಗೆ ತುಂಬಾ ನೋವಾಗುತ್ತದೆ.

ಒಪೆರಾ ಅಲ್ಲದಿದ್ದರೂ ನಮ್ಮೂರಿನ ನಂಟಿರುವುದು ಒಂದಿದೆ. ರಷ್ಯಾದ ಸಂಗೀತಗಾರ ಮೆಟ್ನರ್ ತಮ್ಮ ಕೃತಿಗಳನ್ನು ಲಂಡನ್‌ನಲ್ಲಿ ರೆಕಾರ್ಡ್ ಮಾಡಲು ದುಡ್ಡು ಕೊಟ್ಟಿದ್ದು ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನು (ಪಿಯಾನೋ ಮತ್ತು ವಾದ್ಯಮೇಳಕ್ಕೆ ಬರೆದ ಕೃತಿ) ಅವರಿಗೇ ಅರ್ಪಿಸಿದರು. ಈ ರೆಕಾರ್ಡಿಂಗ್‌ಗಳ ಬಗ್ಗೆ ಮೂಲಗಳನ್ನು ಹುಡುಕಲು ಯಾರಾದರೂ ಬರುತ್ತೀರಾ? ನಾನಂತೂ ಸಿದ್ಧ.